ಎರಡನೇ ಸಲ ಕೇಳಿದ ಪ್ರಶ್ನೆ

ಮಂಗಳವಾರ ಬೆಳಿಗ್ಗೆ ನನ್ನ ಹೆಂಡತಿ ಸುಗುಣಾ ಚಹಾದ ಕಪ್ಪು ಎತ್ತಿಕೊಂಡಳು. ಬಾಯಿಗೆ ಒಯ್ಯಲಿಲ್ಲ. ಕಪ್ಪು ಬಸಿಗೆ ತಾಗಿ ಕಟಕಟ ಸದ್ದು ಮಾಡತೊಡಗಿತು. ಮೊದಲು ಕೈ ನಡುಗಿತು, ಆಮೇಲೆ ಭುಜ, ಆಮೇಲೆ ಹಲ್ಲು. ನಾನು ಶಾಲು ಹೊದಿಸಿದೆ, ಅದರ ಮೇಲೆ ಚಾದರ ಹೊದಿಸಿದೆ. ಹೊರಗೆ ಒಳ್ಳೆ ಬಿಸಿಲು ಬಿದ್ದಿತ್ತು.

"ಬೆನ್ನು ನೋಯಾಕತ್ತೈತ್ರಿ," ಎಂದಳು. "ಬಲಗಡೆ."

"ಉರಿಮೂತ್ರ ಐತೇನು?"

"ಎರಡ ದಿನಾ ಆತು."

"ಮತ್ತ ಹೇಳಬಾರದಾ?"

"ಹೇಳಿದ್ರ ನೀವು ಡಬ್ಬಿ ತಗೀತೀರಿ."

ನಾನು ಡಬ್ಬಿ ತೆಗೆದೆ.

ಈ ಡಬ್ಬಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಮೂವತ್ತೊಂದು ವರ್ಷ ಔಷಧ ಕಂಪನಿಯ ಮೆಡಿಕಲ್ ರೆಪ್ರೆಸೆಂಟೇಟಿವ್, ಅಂದರೆ ಎಂಆರ್ ಆಗಿದ್ದವನು. ಕಪ್ಪು ಬ್ಯಾಗು, ಇಸ್ತ್ರಿ ಮಾಡಿದ ಅಂಗಿ, ಟೈ. ಹುಬ್ಬಳ್ಳಿ-ಧಾರವಾಡದಲ್ಲಿ ನಾನು ಕಾಯದೆ ಬಿಟ್ಟ ಡಾಕ್ಟರರ ಬಾಗಿಲು ಉಳಿದಿರಲಿಕ್ಕಿಲ್ಲ. ಡಾಕ್ಟರರಿಗೆ ಕೊಟ್ಟು ಉಳಿದ ಸ್ಯಾಂಪಲ್ ಗುಳಿಗೆಗಳು ಮನೆಗೆ ಬರುತ್ತಿದ್ದವು. ಸುಗುಣಾ ಕ್ರಿಸ್‌ಮಸ್‌ಗೆ ಕರ್ಚಿಕಾಯಿ ಮಾಡಿಡುತ್ತಿದ್ದ ದೊಡ್ಡ ತಗಡಿನ ಡಬ್ಬಿಯನ್ನು ನಾನು ಒಂದು ವರ್ಷ ಅದಕ್ಕೆ ತೆಗೆದುಕೊಂಡೆ. ಮತ್ತೆ ಅವಳಿಗೆ ಅದು ಸಿಗಲಿಲ್ಲ. ನಿವೃತ್ತನಾಗಿ ಮೂರು ವರ್ಷವಾದರೂ ಡಬ್ಬಿ ಖಾಲಿಯಾಗಿರಲಿಲ್ಲ. ಹೊಸ ಹುಡುಗರು, ನನ್ನ ಕೈಕೆಳಗೆ ಕಲಿತವರು, ಮಾತಾಡಿಸಲು ಬಂದಾಗ ಹಣ್ಣಿನ ಬದಲು ಸ್ಯಾಂಪಲ್ ತರುತ್ತಿದ್ದರು.

ಸಪ್ತಾಪುರದಲ್ಲಿ ನಮ್ಮ ಸಾಲಿನ ಮನೆಗಳ ಮಹಡಿಗಳಲ್ಲೆಲ್ಲ ಓದುವ ಮಕ್ಕಳು ಬಾಡಿಗೆಗಿದ್ದಾರೆ. ಗಂಟಲು ಕೆರೆದರೂ ಹೊಟ್ಟೆ ಕೆಟ್ಟರೂ ಅವರು ನಮ್ಮ ಗೇಟು ತಟ್ಟುವವರು. ನಾನು ಅವರಿಗೆ ಎಂಆರ್ ಕಾಕಾ. ಕನ್ನಡಕ ಏರಿಸಿ, ಎರಡು ಪ್ರಶ್ನೆ ಕೇಳಿ, ಗುಳಿಗೆ ಕೊಡುತ್ತಿದ್ದೆ. ಎಷ್ಟು ದಿನ ಎಂದು ಕೇಳಿದರೆ, ಜ್ವರ ಬಿಟ್ಟ ಮೇಲೆ ನಿಲ್ಲಿಸು, ಉಳಿದದ್ದು ತಂದುಕೊಡು ಎನ್ನುತ್ತಿದ್ದೆ. ಅದೆಷ್ಟು ಗತ್ತಿನಿಂದ ಹೇಳುತ್ತಿದ್ದೆನೆಂದು ನೆನೆದರೆ ಈಗ ಕಿವಿ ಬಿಸಿಯಾಗುತ್ತದೆ.

ಸುಗುಣಾಗೆ ಮೂರು ತಿಂಗಳಲ್ಲಿ ಈ ಉರಿಮೂತ್ರ ಮೂರನೇ ಸಲ. ಮೊದಲ ಸಲ ಆಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟಿದ್ದೆ, ಐದು ಗುಳಿಗೆ. ಎರಡನೇ ಸಲ ಅದನ್ನೇ, ಮೂರು ಗುಳಿಗೆ. ಜ್ವರ ಇಳಿಯಿತು, ಉಳಿದದ್ದು ಡಬ್ಬಿಗೆ ಹೋಯಿತು. ಈ ಸಲ ಸ್ವಲ್ಪ ಜೋರಿನದೇ ಇರಲಿ ಎಂದು ಸೆಫಿಕ್ಸಿಮ್ ತೆಗೆದೆ. ಬೆಳಿಗ್ಗೆ ಒಂದು, ಸಂಜೆ ಒಂದು.

ಬುಧವಾರ ಜ್ವರ ಸ್ವಲ್ಪ ಇಳಿಯಿತು. ನಾನು ಮೀಸೆಯಲ್ಲೇ ನಕ್ಕೆ. ಅವಳು ಗಂಜಿ ಕುಡಿದು, ಭಾನುವಾರದ ಕ್ವಾಯರ್ ಹಾಡನ್ನು ಗುನುಗಲು ಹೋಗಿ ಅರ್ಧಕ್ಕೆ ಬಿಟ್ಟಳು. ದಣಿದಿದ್ದಾಳೆ ಎಂದುಕೊಂಡೆ. ನಾಲ್ಕನೇ ಗುಳಿಗೆ ನಾನೇ ನೀರಿನೊಂದಿಗೆ ಕೊಟ್ಟೆ.

ಗುರುವಾರ ಬೆಳಿಗ್ಗೆ ಎದ್ದು ನೋಡಿದರೆ ಅವಳು ಮಂಚದ ಅಂಚಿಗೆ ಕುಳಿತು ಸೀರೆಯ ನಿರಿಗೆ ಹಿಡಿಯಲು ಹೆಣಗುತ್ತಿದ್ದಳು. ನಿರಿಗೆ ಬೆರಳಿಗೆ ನಿಲ್ಲುತ್ತಿರಲಿಲ್ಲ.

"ಎಲ್ಲಿಗೆ ಹೊಂಟಿ?"

"ಸಾಲಿಗೆ ಹೊತ್ತಾತಲ್ರಿ. ಪ್ರಾರ್ಥನಾ ಸುರು ಆಗಿರತೈತಿ."

ಅವಳು ಶಾಲೆಯ ಕೆಲಸದಿಂದ ನಿವೃತ್ತಳಾಗಿ ಎರಡು ವರ್ಷವಾಗಿತ್ತು.

ಹುಬ್ಬಳ್ಳಿಯ ಆಸ್ಪತ್ರೆಯ ತನಕ ಕಾರು ಹೇಗೆ ಓಡಿಸಿದೆನೋ ಗೊತ್ತಿಲ್ಲ. ಪಕ್ಕದ ಸೀಟಿನಲ್ಲಿ ಬೆಲ್ಟು ಹಾಕಿ ಕೂರಿಸಿದ್ದೆ. ನವನಗರ ದಾಟುವಾಗ ಅವಳ ತಲೆ ಕಿಟಕಿಗೆ ಒರಗಿತು. ಕರೆದರೆ ಹ್ಞೂಂ ಎನ್ನುತ್ತಿದ್ದಳು. ಪ್ರತಿ ಸಿಗ್ನಲ್ಲಿಗೂ ಕರೆದೆ. ಹುಬ್ಬಳ್ಳಿಯ ಆ ಆಸ್ಪತ್ರೆಗೆ ನಾನು ನೂರಾರು ಸಲ ಬ್ಯಾಗು ಹಿಡಿದು ಹೋದವನು. ಮುಂಬಾಗಿಲಿನಿಂದಲೇ ಹೋಗುತ್ತಿದ್ದೆ. ಎಮರ್ಜೆನ್ಸಿಯ ಇಳಿಜಾರು ಎಷ್ಟು ಕಡಿದಾಗಿದೆ ಎಂದು ಅವತ್ತೇ ಗೊತ್ತಾಯಿತು.

ಡ್ಯೂಟಿ ಡಾಕ್ಟರ್ ಒಬ್ಬ ಹುಡುಗಿ. ಹಸಿರು ಸ್ಕ್ರಬ್ಸ್, ತಲೆಗೆ ಸ್ಕಾರ್ಫ್, ಕಾಲಲ್ಲಿ ಓಡುವ ಬೂಟು. ನನ್ನ ಬ್ಯಾಗಿಗಿಂತ ಚಿಕ್ಕ ವಯಸ್ಸು. ಹೆಸರು ಡಾಕ್ಟರ್ ನಿಖತ್ ಎಂದು ಎದೆಯ ಮೇಲೆ ಇತ್ತು. ಇಂಥವಳ ಕೈಗೆ ಕೊಡಬೇಕೇ ಎಂದು ಮನಸ್ಸು ಗೊಣಗಿತು. ಅವಳು ನನ್ನನ್ನು ನೋಡಲೂ ಇಲ್ಲ, ಸುಗುಣಾಳ ಉಗುರು ಒತ್ತಿ ರಕ್ತ ಮರಳುವುದನ್ನು ನೋಡುತ್ತಿದ್ದಳು. ಬಿಪಿ ಎಂಬತ್ತು. ಕೆಳಗಿನದು ನಲವತ್ತೆಂಟು. ಬೆನ್ನಿನ ಬಲಗಡೆ ಮೆಲ್ಲಗೆ ಬಡಿದಳು. ಸುಗುಣಾ ನರಳಿದಳು.

"ಕಾಕಾ, ಕಿಡ್ನಿಯೊಳಗ ಇನ್ಫೆಕ್ಷನ್ ಆಗಿ ರಕ್ತಕ್ಕ ಇಳದೈತಿ ಅನಸ್ತೈತ್ರಿ. ಸೆಪ್ಸಿಸ್. ಒಂದ ತಾಸಿನೊಳಗ ಆ್ಯಂಟಿಬಯಾಟಿಕ್ ಮೊದಲ್ನೇ ಡೋಸ್ ಹೋಗಬೇಕು. ಅದಕ್ಕೂ ಮೊದಲ ಒಂದು ಹೇಳ್ರಿ. ಮನ್ಯಾಗ ಏನರ ಆ್ಯಂಟಿಬಯಾಟಿಕ್ ಕೊಟ್ಟೀರೇನು?"

ಆಗಲೇ ಪರದೆ ಸರಿಸಿ ಸಿಸ್ಟರ್ ಮಂಗಲಾ ಬಂದರು. ಅಲ್ಲಿನ ಹಳೆಯ ನರ್ಸು. ನನ್ನನ್ನು ನೋಡಿ, "ಅಯ್ಯ, ಜಯಕುಮಾರ ಸರ್!" ಎಂದರು. "ಮೇಡಂ, ಇವರು ನಮಗ ಭಾಳ ವರ್ಷದಿಂದ ಗೊತ್ರಿ. ಔಷಧದ ಬಗ್ಗೆ ಇವರಿಗೆ ಗೊತ್ತಿರದ್ದು ಯಾವುದೂ ಇಲ್ಲ."

ನಾನು ಕಾಲರ್ ಸರಿಮಾಡಿಕೊಂಡೆ. ಹೆಂಡತಿ ಸ್ಟ್ರೆಚರ್ ಮೇಲಿದ್ದಾಗ ಕಾಲರ್ ಸರಿಮಾಡಿಕೊಂಡ ಗಂಡಸು ನಾನು.

"ಏನಿಲ್ರಿ," ಎಂದೆ. "ಬರೇ ಪ್ಯಾರಾಸಿಟಮಾಲ್."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ನನಗೇ ಅದು ನಿಜ ಎನಿಸಿತು. ಸುಗುಣಾಳ ಕಣ್ಣು ಅರೆ ತೆರೆದಿದ್ದವು, ತುಟಿ ಒಣಗಿ ಬಿರಿದಿತ್ತು. ಅವಳಿಗೆ ಎಚ್ಚರವಿಲ್ಲ ಎಂದುಕೊಂಡೆ.

ಮುಂದಿನದ್ದೆಲ್ಲ ಬಹಳ ಬೇಗ ನಡೆಯಿತು. ಎರಡೂ ಕೈಯಿಂದ ರಕ್ತ ತೆಗೆದು, ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಬಾಟಲಿಗಳಿಗೆ ಹಾಕಿದರು. ಮೂತ್ರದ ಸ್ಯಾಂಪಲ್ ಹೋಯಿತು. ಸಲೈನ್ ಒಂದು ಕಡೆಯಿಂದ ಭರದಿಂದ ಓಡುತ್ತಿತ್ತು. "ಸೆಫ್ಟ್ರಯಾಕ್ಸೋನ್ ಎರಡು ಗ್ರಾಂ," ಎಂದು ಡಾಕ್ಟರ್ ಹೇಳಿದ್ದು ಕೇಳಿಸಿತು. ಸಿಸ್ಟರ್ ಮಂಗಲಾ ಔಷಧದ ಪುಟ್ಟ ಸೀಸೆಯ ಮುಚ್ಚಳ ತೆಗೆದು, ಪುಡಿ ಕರಗಿಸಲು ಕೈಯಲ್ಲಿ ಹೊರಳಿಸತೊಡಗಿದರು.

ಸೆಫ್ಟ್ರಯಾಕ್ಸೋನ್. ಸೆಫಿಕ್ಸಿಮ್‌ನ ಅಣ್ಣನಿದ್ದಂತೆ, ಒಂದೇ ಮನೆತನ. ಎಷ್ಟೋ ವರ್ಷ ಎರಡನ್ನೂ ಒಂದೇ ಹಾಳೆಯಲ್ಲಿ ತೋರಿಸಿ ಮಾರಿದವನು ನಾನು. ತಮ್ಮನಿಗೆ ಬಗ್ಗದ ರೋಗ ಅಣ್ಣನಿಗೂ ಬಗ್ಗಲಾರದು ಎಂಬುದು ನನಗೆ ಹೊಳೆಯಬೇಕಿತ್ತು, ಹೊಳೆಯಿತು ಕೂಡ. ಆದರೂ ಬಾಯಿ ತೆರೆಯಲಿಲ್ಲ. ಸಿಸ್ಟರ್ ಮಂಗಲಾರ ಮುಂದೆ, ಈ ಹುಡುಗಿಯ ಮುಂದೆ, ಡಬ್ಬಿಯ ವಿಷಯ ಹೇಳುವುದು ಹೇಗೆ? ದೊಡ್ಡ ಡಾಕ್ಟರ್ ಬಂದಾಗ ಮೆಲ್ಲಗೆ ಹೇಳಿದರಾಯಿತು ಎಂದು ನನಗೆ ನಾನೇ ವಾಯಿದೆ ಕೊಟ್ಟುಕೊಂಡೆ. ಸುಗುಣಾಳ ಬಿಪಿ ವಾಯಿದೆ ಕೊಡುತ್ತಿರಲಿಲ್ಲ. ಎಪ್ಪತ್ತೆಂಟಕ್ಕೆ ಇಳಿದಿತ್ತು.

ಡಾಕ್ಟರ್ ನಿಖತ್ ಮಾನಿಟರ್ ಬಿಟ್ಟು ನನ್ನ ಬಳಿಗೆ ಬಂದಳು. ಸ್ಟೂಲು ಎಳೆದು ಎದುರಿಗೇ ಕುಳಿತಳು. ಧ್ವನಿ ಇಳಿಸಿದಳು.

"ಕಾಕಾ, ಎಲ್ಲಾರ ಮನ್ಯಾಗೂ ಒಂದು ಗುಳಿಗಿ ಡಬ್ಬಿ ಇರತೈತ್ರಿ. ನಮ್ಮ ಮನ್ಯಾಗೂ ಐತಿ, ನಮ್ಮ ಅಮ್ಮಿ ನನಗ ಕಾಣದಂಗ ಅಕ್ಕಿ ಡಬ್ಬ್ಯಾಗ ಇಡತಾಳ. ಬಯ್ಯಾಕ ಕೇಳಾಕತ್ತಿಲ್ರಿ. ಏನು ಕೊಟ್ಟೀರಿ ಅಂತ ಗೊತ್ತಾದ್ರ, ಯಾವುದು ಇವರಿಗೆ ನಾಟೂದಿಲ್ಲ ಅಂತ ನನಗ ತಿಳೀತೈತಿ. ಈ ಮೂರು ತಿಂಗಳದಾಗ ಏನರ ಕೊಟ್ಟೀರೇನ್ರಿ?"

ನಾನು ಸಿಸ್ಟರ್ ಮಂಗಲಾರ ಕಡೆ ನೋಡಿದೆ.

"ಒಮ್ಮೆ ಹೇಳಿದ್ನೆಲ್ಲವಾ," ಎಂದೆ. ಆದರೆ ಧ್ವನಿ ನನ್ನದಾಗಿರಲಿಲ್ಲ.

"ಮೊದಲ್ನೇ ಸಲ ಎಲ್ಲಾರೂ ಇಲ್ಲ ಅಂತಾರ್ರಿ. ಅದಕ್ಕ ನಾ ಎಲ್ಲಾರಿಗೂ ಎರಡು ಸಲ ಕೇಳತೇನಿ."

ಸಿಸ್ಟರ್ ಸಿರಿಂಜಿಗೆ ಔಷಧ ಎಳೆಯುತ್ತಿದ್ದರು.

"ಕೊಟ್ಟೇನ್ರಿ," ಎಂದೆ. ಆಮೇಲೆ ನಿಲ್ಲಲಿಲ್ಲ. ಆಫ್ಲಾಕ್ಸಾಸಿನ್, ಎಷ್ಟು ಮಿಲಿಗ್ರಾಂ, ಯಾವ ತಿಂಗಳು, ಐದು ಗುಳಿಗೆ. ಮತ್ತೆ ಅದೇ, ಮೂರು. ಮಂಗಳವಾರದಿಂದ ಸೆಫಿಕ್ಸಿಮ್, ನಾಲ್ಕು. ಡಾಕ್ಟರರ ಎದುರು ಬಾಯಿಪಾಠ ಒಪ್ಪಿಸುವುದೇ ನನ್ನ ಕಸುಬಾಗಿತ್ತಲ್ಲ, ಹಾಗೇ ಒಪ್ಪಿಸಿದೆ. ಸಿಸ್ಟರ್ ಮಂಗಲಾ ತಲೆ ತಗ್ಗಿಸಿದ್ದು ಕಂಡಿತು. ನಾಚಿಕೆಯಾಯಿತು. ಬಹಳ ನಾಚಿಕೆಯಾಯಿತು.

ಸುಗುಣಾ ಕಣ್ಣು ಮುಚ್ಚಿದಳು.

ಹೋದಳು ಎಂದುಕೊಂಡೆ. ಎದ್ದು ನಿಂತೆ. ಮಾನಿಟರ್ ಮಾತ್ರ ಟಿಕ್ ಟಿಕ್ ಎನ್ನುತ್ತಲೇ ಇತ್ತು.

"ಸಿಸ್ಟರ್, ಸೆಫ್ಟ್ರಯಾಕ್ಸೋನ್ ಬ್ಯಾಡ್ರಿ. ಮೆರೊಪೆನೆಮ್ ತರ್ರಿ, ಲಗೂನ," ಎಂದು ಡಾಕ್ಟರ್ ಕೂಗಿ, ಕಿಸೆಯಿಂದ ಅಂಗೈ ಅಗಲದ ನೋಟ್‌ಬುಕ್ ತೆಗೆದು ಏನನ್ನೋ ಬರೆದಳು. ಆಮೇಲೆ ನನ್ನ ಕಡೆ ತಿರುಗಿ, "ಛಲೋ ಆತ್ರಿ ಹೇಳಿದ್ದು," ಎಂದಳು. ಒಂದು ಮಾತು ಬಯ್ಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮೊದಲ ಡೋಸು ಒಳಗೆ ಹೋದಾಗ ನಾವು ಆಸ್ಪತ್ರೆಗೆ ಬಂದು ಐವತ್ತು ನಿಮಿಷವೂ ಆಗಿರಲಿಲ್ಲ. ಬಿಪಿ ಏರಿಸಲು ಇನ್ನೊಂದು ಔಷಧ ಸಣ್ಣ ಪಂಪಿನಲ್ಲಿ ಹೊರಟಿತು. ಐಸಿಯು ಬೆಡ್ ಸಿಗುವ ತನಕ ಅಲ್ಲೇ ಕುಳಿತಿದ್ದೆ. ಆಗ ಪಕ್ಕದ ಪರದೆಯ ಆಚೆ ಗೋಕುಲ ರಸ್ತೆಯಲ್ಲಿ ವರ್ಕ್‌ಶಾಪ್ ಇಟ್ಟವನೊಬ್ಬ ನೆಗಡಿ, ಕೆಮ್ಮು, ಮೈಕೈನೋವು ಎಂದು ಬಂದಿದ್ದ. ಆ್ಯಂಟಿಬಯಾಟಿಕ್ ಇಂಜೆಕ್ಷನ್ ಚುಚ್ಚಿ ಕಳಿಸಿರಿ, ಅಂಗಡಿ ಬಿಟ್ಟು ಬಂದಿದ್ದೇನೆ ಎಂದು ಅವನ ಹಟ. ಅದೇ ಡಾಕ್ಟರ್ ಅವನ ಗಂಟಲು ನೋಡಿದಳು, ಎದೆಗೆ ಸ್ಟೆತ್ ಇಟ್ಟಳು, ಆಕ್ಸಿಜನ್ ನೋಡಿದಳು.

"ನಿಮಗ ಆ್ಯಂಟಿಬಯಾಟಿಕ್ ಬೇಕಾಗಿಲ್ರಿ. ಇದು ವೈರಲ್ ಐತಿ, ಅದಕ್ಕ ಅದು ನಾಟೂದಿಲ್ಲ. ಬಿಸಿನೀರು, ಈ ಗುಳಿಗಿ, ಮಲಗೂದು. ಉಸಿರಾಡಾಕ ತ್ರಾಸ ಆದ್ರ, ಇಲ್ಲಾ ಮೂರು ದಿನಕ್ಕೂ ಜ್ವರಾ ಬಿಡಲಿಲ್ಲಂದ್ರ, ನೇರ ನನ್ನ ಹತ್ರ ಬರ್ರಿ."

"ಏನ್ ಡಾಕ್ಟರ್ರೀ ಮೇಡಂ, ಇಂಜೆಕ್ಷನ್ ಕೊಡಾಕೂ ಹಿಂಜರೀತೀರಿ!"

"ಬೇಕಾದವರಿಗೆ ಹಿಂಜರ್ಯಾಂಗಿಲ್ರಿ," ಎಂದಳು.

ಅವನು ಗೊಣಗುತ್ತಾ ಹೋದ. ಚೀಟಿ ಬರೆದು ಸಾಗಹಾಕಲು ಅರ್ಧ ನಿಮಿಷ ಸಾಕಿತ್ತು, ಅವಳು ಐದು ನಿಮಿಷ ಕೊಟ್ಟಳು. ನಾನು ಮೂವತ್ತೊಂದು ವರ್ಷ ಡಾಕ್ಟರರ ಆ ಅರ್ಧ ನಿಮಿಷದ ಮೇಲೆಯೇ ಹೊಟ್ಟೆ ಹೊರೆದವನು. ಗಿಜಿಗುಡುವ ಎಮರ್ಜೆನ್ಸಿಯಲ್ಲಿ, ಒಂದು ಪರದೆಯ ಈಚೆ ಅತಿ ದೊಡ್ಡ ಔಷಧವನ್ನು ನಿಮಿಷ ತಡಮಾಡದೆ ಕೊಟ್ಟವಳು, ಆಚೆ ಹೋಗಿ ಅತಿ ಸಣ್ಣದನ್ನೂ ಕೊಡಲಿಲ್ಲ. ಎರಡೂ ಒಂದೇ ತಿಳಿವಳಿಕೆ ಎಂದು ನನಗೆ ಅಲ್ಲಿ ಕುಳಿತಾಗ ಅರ್ಥವಾಯಿತು. ಔಷಧಗಳ ಹೆಸರು ನನಗೂ ಗೊತ್ತಿದ್ದವು, ಅವಳಿಗಿಂತ ಹೆಚ್ಚೇ ಗೊತ್ತಿದ್ದಾವು. ನನಗೆ ಗೊತ್ತಿದ್ದದ್ದು ಅಷ್ಟೇ.

ಐಸಿಯುವಿನ ಮೊದಲ ದಿನ ಏನೂ ಹೇಳಲಾಗದು ಎಂದರು. ಎರಡನೇ ದಿನ ಬೆಳಿಗ್ಗೆ ಬಿಪಿ ಔಷಧದ ಪಂಪು ನಿಂತಿತು. ಸುಗುಣಾ ಕಣ್ಣು ಬಿಟ್ಟು, "ಹಲ್ಲು ತಿಕ್ಕೀರೇನು? ಬಾಯಿ ವಾಸನಿ ಬರಾಕತ್ತೈತಿ," ಎಂದಳು. ನಾನು ಹೊರಗೆ ಹೋಗಿ ನಲ್ಲಿಯ ಎದುರು ನಿಂತು ಅತ್ತೆ.

ಮೂರನೇ ದಿನ ಅವಳನ್ನು ವಾರ್ಡಿಗೆ ತಂದರು. ಮಧ್ಯಾಹ್ನ ಡಾಕ್ಟರ್ ನಿಖತ್ ಮೇಲೆ ಬಂದಳು. ಡ್ಯೂಟಿ ಮುಗಿದಿತ್ತು, ಹೆಗಲಿಗೆ ಟಿಫಿನ್ ಚೀಲ ಇತ್ತು. ಕಲ್ಚರ್ ರಿಪೋರ್ಟ್ ಬಂದಿದೆ, ನೋಡಲು ಬಂದೆ ಎಂದಳು. ಎಮರ್ಜೆನ್ಸಿ ಡಾಕ್ಟರ್ ವಾರ್ಡಿಗೆ ಬಂದು ರಿಪೋರ್ಟ್ ನೋಡುವುದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ರೋಗಿ ಮೇಲೆ ಹೋದ ಮೇಲೆ ಅವರ ಕೆಲಸ ಮುಗಿಯಿತು ಎಂದೇ ನನ್ನ ತಿಳಿವಳಿಕೆ.

ರಿಪೋರ್ಟಿನಲ್ಲಿ ಆಫ್ಲಾಕ್ಸಾಸಿನ್ ಮುಂದೆ ಆರ್ ಎಂದಿತ್ತು. ಸೆಫಿಕ್ಸಿಮ್, ಆರ್. ಸೆಫ್ಟ್ರಯಾಕ್ಸೋನ್, ಆರ್. ರೋಗಾಣು ಇವು ಯಾವುದಕ್ಕೂ ಜಗ್ಗುವುದಿಲ್ಲ ಎಂದು ಅದರ ಅರ್ಥ. ಮೆರೊಪೆನೆಮ್ ಮುಂದೆ ಎಸ್. ಅದಕ್ಕೆ ಜಗ್ಗುತ್ತದೆ. ನಾನು ಆ ಮೂರನೇ ಆರ್ ಅನ್ನು ಬಹಳ ಹೊತ್ತು ನೋಡಿದೆ.

ಅವಳು ಆ ಪುಟ್ಟ ನೋಟ್‌ಬುಕ್ ತೆರೆದು ಒಂದು ಸಾಲಿನ ಮುಂದೆ ಗುರುತು ಹಾಕಿದಳು. ಅದೇನೆಂದು ಕೇಳಿದೆ.

"ಎಮರ್ಜೆನ್ಸಿಯೊಳಗ ನಾವು ಕೊಡೂದು ಊಹೆ ಮ್ಯಾಲ್ರಿ ಕಾಕಾ. ಕಲ್ಚರ್ ಬರೂದು ಮೂರು ದಿನಕ್ಕ. ಊಹೆ ಸರಿ ಇತ್ತೋ ತಪ್ಪೋ ನೋಡಲಿಲ್ಲಂದ್ರ, ಮುಂದಿನ ಸಲ ಮತ್ತ ಅದ ತಪ್ಪು ಮಾಡತೇನಿ. ಅದಕ್ಕ ಬರದಿಡತೇನಿ."

ಕೇಳಿದ್ದಕ್ಕೆ ತೋರಿಸಿದಳು, ಹೆಸರುಗಳಿರಲಿಲ್ಲ, ಬರೀ ರೋಗ ಮತ್ತು ಔಷಧ. ಕೆಲವು ಸಾಲುಗಳಿಗೆ ಕೆಂಪು ಶಾಯಿಯ ಗೆರೆ. ತಪ್ಪಿದ್ದವು. ಒಂದೆರಡು ಸಾಲಿನ ಪಕ್ಕದಲ್ಲಿ, ಬೇಕಿರಲಿಲ್ಲ, ಸುಮ್ಮನೆ ಕೊಟ್ಟೆ ಎಂದು ತನ್ನ ಮೇಲೆ ತಾನೇ ಬರೆದುಕೊಂಡಿದ್ದಳು. ನನ್ನ ಕಸುಬಿನಲ್ಲಿ ನಾನು ಡಾಕ್ಟರರ ಗೋಡೆಯ ಮೇಲಿನ ಸರ್ಟಿಫಿಕೇಟುಗಳನ್ನೇ ನೋಡುತ್ತಾ ಬಂದವನು. ತಪ್ಪುಗಳನ್ನು ಕಿಸೆಯಲ್ಲಿಟ್ಟುಕೊಂಡು ತಿರುಗುವ ಡಾಕ್ಟರನ್ನು ನೋಡಿದ್ದು ಅದೇ ಮೊದಲು. ನಮ್ಮ ಸಾಲಿನಲ್ಲಿ ಸೆಫ್ಟ್ರಯಾಕ್ಸೋನ್ ಎಂದು ಬರೆದು ಕಾಟು ಹಾಕಿತ್ತು. ಅದರ ಮೇಲೆ ಮೆರೊಪೆನೆಮ್. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ: ಗಂಡ ಹೇಳಿದರು.

ಮೊದಲು ಸುಳ್ಳು ಹೇಳಿದರು ಎಂದು ಬರೆದಿರಲಿಲ್ಲ.

ಐದನೇ ದಿನ ವಾರ್ಡಿನ ಫಿಸಿಷಿಯನ್ ಮೆರೊಪೆನೆಮ್ ನಿಲ್ಲಿಸಿ ಗುಳಿಗೆ ಕೊಡುತ್ತೇವೆ ಎಂದರು. ಗುಳಿಗೆಯ ಹೆಸರು ಕೇಳಿ ನಾನು ಹೌಹಾರಿದೆ. ಕೋಟ್ರೈಮಾಕ್ಸಜೋಲ್! ನಾವು ಎಂಆರ್‌ಗಳು ಆ ಹಳೆಯ ಅಗ್ಗದ ಔಷಧಕ್ಕೆ ಅಜ್ಜನ ಗುಳಿಗೆ ಎಂದು ನಗುತ್ತಿದ್ದೆವು. ಬ್ಯಾಗಿನಲ್ಲಿ ಇಟ್ಟುಕೊಳ್ಳಲೂ ಮಾನ ಹೋದಂತೆ. ಓಡುತ್ತಾ ಎಮರ್ಜೆನ್ಸಿಗೆ ಇಳಿದು ಹೋದೆ.

"ಮೇಡಂ, ಮೆರೊಪೆನೆಮ್ ಕೆಲಸಾ ಮಾಡಾಕತ್ತೈತಲ್ರಿ, ಯಾಕ ಬಿಡಸ್ತಾರ?"

ಡಾಕ್ಟರ್ ನಿಖತ್ ನಕ್ಕಳು. "ರಿಪೋರ್ಟ್‌ನ್ಯಾಗ ಕೆಳಗಿಂದ ಎರಡ್ನೇ ಸಾಲು ನೋಡ್ರಿ, ಈ ಗುಳಿಗೀಗೂ ಎಸ್ ಐತಿ. ಸಣ್ಣದು ಸಾಕಾಗುವಾಗ ದೊಡ್ಡದು ಯಾಕ್ರಿ? ಮೆರೊಪೆನೆಮ್ ನಾಳೆ ಬರೋ ಪೇಷಂಟಿಗೂ ನಾಟಬೇಕಲ್ಲ. ಆದ್ರ ಒಂದು ಮಾತು ಕಾಕಾ. ಹೇಳಿದಷ್ಟು ದಿನಾ ಪೂರ್ತಿ ಕೊಡ್ರಿ. ಉಳಿಸಿ ಡಬ್ಬಿಗೆ ಹಾಕಬ್ಯಾಡ್ರಿ."

"ಡಬ್ಬಿ ಖಾಲಿ ಮಾಡತೇನವಾ," ಎಂದೆ.

ಅಜ್ಜನ ಗುಳಿಗೆ ಕೆಲಸ ಮಾಡಿತು. ಸುಗುಣಾ ಮನೆಗೆ ಬಂದಳು. ಈಗ ಮೂರು ವಾರ. ಗೇಟಿನ ತನಕ ನಡೆಯುತ್ತಾಳೆ, ಮರಳಿ ಬಂದು ಕೂರುತ್ತಾಳೆ. ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಇನ್ನೂ ಪೂರ್ತಿ ಸರಿಯಾಗಿಲ್ಲ, ಮುಂದಿನ ತಿಂಗಳು ಮತ್ತೆ ನೋಡಬೇಕಂತೆ. ಹಾಡಲು ಉಸಿರು ಸಾಲುವುದಿಲ್ಲ. ದೇವರು ದೊಡ್ಡವನು ಎಂದು ಚರ್ಚಿನವರು ಬಂದು ಹೇಳುತ್ತಾರೆ. ಹೌದು ಎನ್ನುತ್ತೇನೆ. ಆ ಬೂಟಿನ ಹುಡುಗಿಯೂ ದೊಡ್ಡವಳು ಎಂದು ಸೇರಿಸುತ್ತೇನೆ. ಡಬ್ಬಿಯ ಗುಳಿಗೆಗಳನ್ನೆಲ್ಲ ಆಸ್ಪತ್ರೆಯ ಫಾರ್ಮಸಿಗೆ ಒಯ್ದು ನಾಶ ಮಾಡಲು ಕೊಟ್ಟುಬಂದೆ. ಎರಡು ಚೀಲ ತುಂಬಿದ್ದವು.

ಮೊನ್ನೆ ಮಹಡಿಯ ಎಂಎ ಹುಡುಗಿ ಗಂಟಲು ಹಿಡಿದುಕೊಂಡು ಬಂದಳು. "ಎಂಆರ್ ಕಾಕಾ, ಪರೀಕ್ಷಾ ಐತ್ರಿ, ಒಂದು ಜೋರಿನ ಗುಳಿಗಿ ಕೊಡ್ರಿ."

"ಗುಳಿಗಿ ಇಲ್ಲವಾ. ಡಾಕ್ಟರ್ ಹತ್ರ ಹೋಗು. ಅವರು ಆ್ಯಂಟಿಬಯಾಟಿಕ್ ಬ್ಯಾಡ ಅಂದ್ರ ಜಗಳಾ ತಗೀಬ್ಯಾಡ. ಮೊದಲ ಏನರ ತಗೊಂಡಿದ್ರ ಮುಚ್ಚಿಡದ ಹೇಳು."

ಅವಳು ಬೆರಗಾಗಿ ಹೋದಳು. ಒಳಗಿನ ಕೋಣೆಯಲ್ಲಿ ಸುಗುಣಾ ನಕ್ಕಿದ್ದು ಕೇಳಿಸಿತು. ಹೋಗಿ ಅವಳ ಮಂಚದ ಬಳಿ ಕುಳಿತೆ. ಮೂರು ವಾರದಿಂದ ಹೇಳಬೇಕೆಂದು ಹೇಳದೆ ಉಳಿದದ್ದನ್ನು ಹೇಳಿದೆ.

"ಸುಗುಣಾ, ಅವತ್ತು ಎಮರ್ಜೆನ್ಸಿಯೊಳಗ ಡಾಕ್ಟರ್ ಕೇಳಿದಾಗ, ಮೊದಲ ನಾನು ಏನೂ ಕೊಟ್ಟಿಲ್ಲ ಅಂತ ಸುಳ್ಳ ಹೇಳಿದೆ."

"ಗೊತ್ತೈತಿ."

"ಯಾರು ಹೇಳಿದ್ರು?"

"ಯಾರು ಹೇಳಬೇಕು? ನಾ ಅಲ್ಲೇ ಇದ್ನೆಲ್ಲ. ಎಲ್ಲಾ ಕೇಳಸಾಕತ್ತಿತ್ತು. ಡಬ್ಬಿ, ಡಬ್ಬಿ ಅನ್ನಬೇಕಂತ ಎಷ್ಟು ಒದ್ದಾಡಿದೆ. ನಾಲಿಗಿ ಏಳಲಿಲ್ಲ." ಅವಳು ಚಾದರದ ಅಂಚನ್ನು ಸರಿಮಾಡಿದಳು. "ನೀವು ಹೇಳೂತನಕಾ ಕಣ್ಣು ಮುಚ್ಚಬಾರದು ಅಂತ ಹಿಡಕೊಂಡಿದ್ದೆ. ನೀವು ಹೇಳಿದ ಮ್ಯಾಲೇ ಮುಚ್ಚಿದೆ."

ನಾನು ಅವಳ ಕೈ ಹಿಡಿದುಕೊಂಡೆ. ಸೂಜಿ ಚುಚ್ಚಿದ ಕಲೆ ಇನ್ನೂ ಹಳದಿಯಾಗಿ ಉಳಿದಿತ್ತು. ಅವಳೇ ಕೈ ಬಿಡಿಸಿಕೊಂಡಳು.

"ಡಬ್ಬಿ ಛಂದಂಗ ತೊಳೀರಿ," ಎಂದಳು. "ಬಿಸಿಲಾಗ ಇಡ್ರಿ. ಕ್ರಿಸ್‌ಮಸ್‌ಗೆ ಬೇಕು ನನಗ."